ಹಾಜರಿಯಲ್ಲಿ ಓಗೊಡದ ಹೆಸರು

ದಿನವೂ ಹಾಜರಿ ಕೂಗುವುದು ನನ್ನ ವೃತ್ತಿಯ ಮೊದಲ ಕೆಲಸ. ಉತ್ತರ ಬಾರದಿದ್ದರೆ ಗೈರುಹಾಜರಿಯ ಗುರುತು ಹಾಕಿ ಮುಂದಿನ ಹೆಸರಿಗೆ ಹೋಗುತ್ತೇನೆ. ಅಂಥದೇ ಒಂದು ಮೌನದಿಂದ ಆರಂಭವಾಗುವ ಸಂಗೀತಕೃತಿಯೊಂದಿದೆ. ಶಾಲೆಯ ಗಂಟೆ ಬಾರಿಸುತ್ತದೆ, ಮೇಷ್ಟರು ಹೆಸರು ಕೂಗುತ್ತಾರೆ, ಮಕ್ಕಳು ಓಗೊಡುತ್ತಾರೆ. ಲಾರಿನ್ ಹಿಲ್ ಎಂಬ ಹೆಸರಿಗೆ ಮಾತ್ರ ಉತ್ತರವಿಲ್ಲ.

ಅಮೆರಿಕದ ನ್ಯೂಜೆರ್ಸಿಯ ಈ ಗಾಯಕಿ 1998ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ ಹೊರತಂದ ‘ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್’ ಆ ಕೃತಿ. ಇತಿಹಾಸಕಾರ ಕಾರ್ಟರ್ ಜಿ. ವುಡ್ಸನ್ 1933ರಲ್ಲಿ ಬರೆದ ಗ್ರಂಥವೊಂದನ್ನು ಈ ಶೀರ್ಷಿಕೆ ನೆನಪಿಸುತ್ತದೆ. ಕಪ್ಪು ಜನರಿಗೆ ತಮ್ಮನ್ನು ತಾವೇ ಕೀಳೆಂದು ಎಣಿಸಲು ಶಾಲೆಯೇ ಕಲಿಸುತ್ತದೆ ಎಂಬುದು ವುಡ್ಸನ್ನರ ದೂರು. ಹಿಲ್ ಅದೇ ಪ್ರಶ್ನೆಯನ್ನು ಪ್ರೀತಿಯ ಕಡೆಗೆ ತಿರುಗಿಸಿದ್ದಾಳೆ: ತಪ್ಪಾಗಿ ಕಲಿತ ಪ್ರೀತಿಯನ್ನು ಮರೆತು, ಮತ್ತೆ ಕಲಿಯುವುದು ಹೇಗೆ?

ರ‍್ಯಾಪ್ ಎಂದರೆ ರಾಗವಿಲ್ಲದ ವಾಚಾಳಿತನವೆಂದು ನಾನೂ ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಕೆಡವಿದ್ದು ಈ ಆಲ್ಬಮ್. ಇಲ್ಲಿ ಹಿಪ್‌ಹಾಪ್, ಸೋಲ್, ರೆಗೇ ಮೂರೂ ಬೆರೆತಿವೆ. ಆದರೆ ರುಚಿಗಾಗಿ ಬೆರೆಸಿದ ಒಗ್ಗರಣೆಯಲ್ಲ. ಒಂದೊಂದಕ್ಕೂ ಅದರದೇ ಕೆಲಸವಿದೆ. ‘ಲಾಸ್ಟ್ ಒನ್ಸ್’ನಲ್ಲಿ ಜಗಳಕ್ಕೆ ನಿಂತಾಗ ಆಕೆಯ ಅಸ್ತ್ರ ರ‍್ಯಾಪ್, ಅಲ್ಲಿಯೇ ಜಮೈಕಾದ ಸಿಸ್ಟರ್ ನ್ಯಾನ್ಸಿಯ ಹಳೆಯ ಹಾಡಿನ ಧಾಟಿ ಬೆಂಬಲಕ್ಕೆ ಬರುತ್ತದೆ. ‘ಎಕ್ಸ್-ಫ್ಯಾಕ್ಟರ್’ನಲ್ಲಿ ವಾದವೆಲ್ಲ ಮುಗಿದು ನೋವೊಂದೇ ಉಳಿದಾಗ ಸೋಲ್ ಸಂಗೀತದ ತುಂಬು ಕಂಠ. ಆಲ್ಬಮ್ಮಿನ ಒಂದು ಭಾಗವನ್ನು ಮುದ್ರಿಸಿಕೊಂಡದ್ದು ಕಿಂಗ್‌ಸ್ಟನ್ನಿನಲ್ಲಿ, ಬಾಬ್ ಮಾರ್ಲಿ ಸ್ಥಾಪಿಸಿದ ಟಫ್ ಗಾಂಗ್ ಸ್ಟುಡಿಯೊದಲ್ಲಿ. ಆ ಮನೆಗೂ ಆಕೆಗೂ ನಂಟಿತ್ತು: 1997ರಲ್ಲಿ ಹುಟ್ಟಿದ ಆಕೆಯ ಮೊದಲ ಮಗು ಮಾರ್ಲಿಯ ಮೊಮ್ಮಗ. ವೃತ್ತಿಯೋ ಮಗುವೋ ಎಂಬ ಇಕ್ಕಟ್ಟಿನಲ್ಲಿ ಮಗುವನ್ನು ಆರಿಸಿಕೊಂಡ ತಾಯಿಯ ಹಾಡು ‘ಟು ಜಯಾನ್’. ಕಾರ್ಲೋಸ್ ಸಾಂಟಾನಾ ಅವರ ಗಿಟಾರು ಅದರಲ್ಲಿ ತಾನು ಮೆರೆಯದೆ ತಾಯಿಯ ಜೊತೆ ನಡೆಯುತ್ತದೆ.

ದೋಷಗಳಿಲ್ಲವೆ? ಇವೆ. ಹಾಡುಗಳ ನಡುನಡುವೆ ಬರುವ ತರಗತಿಯ ಸಂಭಾಷಣೆ ಎರಡನೆಯ ಸಲ ಕೇಳುವಾಗ ಉದ್ದವೆನಿಸುತ್ತದೆ. ‘ಡೂ ವಾಪ್’ನಲ್ಲಿ ಬುದ್ಧಿವಾದದ ಕೈ ಮೇಲಾಗಿದೆ, ಕುಣಿಸುವ ತಾಳ ಅದನ್ನು ಕಾಪಾಡುತ್ತದೆ. ಇದಕ್ಕಿಂತ ಗಂಭೀರವಾದುದು ಬೇರೊಂದಿದೆ. ರಚನೆಯಲ್ಲಿ ತಮ್ಮ ಪಾಲಿಗೆ ತಕ್ಕ ಮನ್ನಣೆ ಸಿಗಲಿಲ್ಲವೆಂದು ಜೊತೆಗಾರ ಸಂಗೀತಗಾರರು 1998ರಲ್ಲಿ ನ್ಯಾಯಾಲಯಕ್ಕೆ ಹೋದರು, 2001ರಲ್ಲಿ ರಾಜಿಯಾಯಿತು. ಪ್ರಾಮಾಣಿಕತೆಯನ್ನೇ ಬೋಧಿಸುವ ಕೃತಿಯ ಮೇಲೆ ಈ ನೆರಳು ಬಿದ್ದಿದೆ ಎಂಬುದನ್ನು ಮೆಚ್ಚುವವರೂ ಮರೆಯಬಾರದು. ಆದರೂ ಆ ಕಂಠ, ಆ ಬಾಳಿನ ಅನುಭವ ಇನ್ನೊಬ್ಬರದಾಗಲು ಸಾಧ್ಯವಿರಲಿಲ್ಲ.

1999ರಲ್ಲಿ ಇದಕ್ಕೆ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಬಂದಿತು. ಹಿಪ್‌ಹಾಪ್ ಕೃತಿಗೆ ಆ ಗೌರವ ಸಂದದ್ದು ಅದೇ ಮೊದಲು. ಆ ಮೇಲಿನ 25 ವರ್ಷಗಳಲ್ಲಿ ಸ್ಟುಡಿಯೊದಿಂದ ಆಕೆಯದೇ ಎರಡನೆಯ ಆಲ್ಬಮ್ ಬರಲಿಲ್ಲ. ಸಂಗೀತಲೋಕದ ಹಾಜರಿಯಲ್ಲಿಯೂ ಆ ಹೆಸರಿಗೆ ಮೌನವೇ ಉತ್ತರವಾಯಿತು.

ಪಾಠ ಕೊಠಡಿಯ ಹೊರಗೂ ನಡೆಯುತ್ತದೆಂಬುದು ಮೇಷ್ಟರಿಗೆ ಹಿತವಾದ ಮಾತಲ್ಲ. ಆದರೆ ಈಚೆಗೆ, ಕೂಗಿದ ಹೆಸರಿಗೆ ಉತ್ತರ ಬಾರದಾಗ, ಗುರುತು ಹಾಕುವ ಮುನ್ನ ನನ್ನ ಲೇಖನಿ ಒಂದು ಗಳಿಗೆ ತಡೆಯುತ್ತದೆ.