ಕಾನ್ಪುರದ ಗುಜರಿಯಿಂದ ಎದ್ದು ಹಾರಿದ ಲಿಬರೇಟರ್‌ಗಳು

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21 ಯುದ್ಧವಿಮಾನಕ್ಕೆ ವಿದಾಯ ಹೇಳಿತು. 1963ರಿಂದ ದುಡಿದ ವಿಮಾನ. ಅಂದಿನಿಂದ ಈ ಅಂಕಣದ ಓದುಗರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ನಮ್ಮೂರಿಗೂ ಒಂದು ಮಿಗ್ ತಂದು ನಿಲ್ಲಿಸಬಹುದೇ? ರಾಮನಗರದವರಿಗೆ ಜಿಲ್ಲಾ ಕೇಂದ್ರದಲ್ಲಿ ಬೇಕು, ಕನಕಪುರದವರಿಗೆ ಕಾಲೇಜಿನ ಮೈದಾನದಲ್ಲಿ, ಮಾಗಡಿಯವರಿಗೆ ಕೋಟೆಯ ಹತ್ತಿರ. ಆಸೆ ಒಳ್ಳೆಯದೇ. ತರಬಹುದು. ಆದರೆ ಸರ್ಕಲ್ಲಿನ ಕಂಬದ ಮೇಲೆ, ಬಿಸಿಲು ಮಳೆಗೆ ಒಡ್ಡಿ ನಿಲ್ಲಿಸುವುದಾದರೆ ಬೇಡವೇ ಬೇಡ.

ಹೀಗೆ ಕಡ್ಡಿ ಮುರಿದಂತೆ ಹೇಳಲು ಕಾರಣವಿದೆ. ನಿವೃತ್ತ ವಿಮಾನವನ್ನು ಹೇಗೆ ಉಳಿಸಬೇಕು ಎಂದು ಲೋಕಕ್ಕೆ ತೋರಿಸಿದ ಊರು ನಮ್ಮಿಂದ ಐವತ್ತು ಕಿಲೋಮೀಟರ್ ಆಚೆಗೇ ಇದೆ.

ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದ ಡಿಪೋದಲ್ಲಿ ಅಮೆರಿಕ ತಯಾರಿಸಿ ಬ್ರಿಟಿಷರಿಗೆ ಕೊಟ್ಟಿದ್ದ ಬಿ-24 ಲಿಬರೇಟರ್ ಬಾಂಬರುಗಳು ಸಾಲುಗಟ್ಟಿ ನಿಂತಿದ್ದವು. ನಾಲ್ಕು ಎಂಜಿನ್ನಿನ ದೈತ್ಯ ವಿಮಾನಗಳು. ಯುದ್ಧಕಾಲದ ಕರಾರಿನಂತೆ ಅವನ್ನು ಹಿಂದಿರುಗಿಸಬೇಕಿತ್ತು, ಇಲ್ಲವೇ ಯಾರಿಗೂ ಉಪಯೋಗಕ್ಕೆ ಬಾರದಂತೆ ಮಾಡಬೇಕಿತ್ತು. ಬ್ರಿಟಿಷರು ಎರಡನೆಯ ದಾರಿ ಹಿಡಿದರು. ಉಪಕರಣಗಳನ್ನು ಒಡೆದರು, ಎಂಜಿನ್ನಿಗೆ ಮರಳು ಸುರಿದರು, ಮೈಗೆ ಪೆಟ್ಟು ಕೊಟ್ಟು ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್ ಬೇಕಾದಾಗ ಕೈಯಲ್ಲಿದ್ದುದು ಈ ಗುಜರಿ ರಾಶಿ ಮಾತ್ರ. ಕೆಲಸ ಬಂದದ್ದು ಬೆಂಗಳೂರಿನ ವಿಮಾನ ಕಾರ್ಖಾನೆಗೆ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಅದು; ಇಂದಿನ ಎಚ್‌ಎಎಲ್. ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ಬಿಚ್ಚಿ ಜೋಡಿಸಿ ಅಲ್ಲಿಯವರ ಕೈ ಪಳಗಿತ್ತು. 1948ರಲ್ಲಿ ಅವರು ಕಾನ್ಪುರಕ್ಕೆ ಹೋದರು. ಒಂದರ ರೆಕ್ಕೆಗೆ ಇನ್ನೊಂದರ ಚಕ್ರ, ಮೂರನೆಯದರ ಎಂಜಿನ್. ಹೀಗೆ ಹೊಂದಿಸಿ, ಒಮ್ಮೆ ಹಾರಲು ಸಾಕಾಗುವಷ್ಟು ಮಾತ್ರ ರಿಪೇರಿ ಮಾಡಿದರು. ಪೂರ್ತಿ ದುರಸ್ತಿ ಬೆಂಗಳೂರಿನಲ್ಲೇ ಆಗಬೇಕು. ಅಲ್ಲಿಯವರೆಗೆ ಅವನ್ನು ಹಾರಿಸಿ ತರುವವರು ಯಾರು? ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೇದ್ ಮುನ್ಷಿ ತಂದರು. ವಿಂಧ್ಯ ದಾಟಿ, ದಖ್ಖನ್ ದಾಟಿ, ಒಂದಾದ ಮೇಲೊಂದು. ಈ ಹಾರಾಟಗಳನ್ನು ನೆನೆದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಮುನ್ಷಿಯವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಬೇಕಿತ್ತು.

ಅದೇ ವರ್ಷದ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ಲಿಬರೇಟರುಗಳೊಂದಿಗೇ ಹುಟ್ಟಿತು. ಸುಮಾರು 40 ವಿಮಾನಗಳು ಹೀಗೆ ಮರುಹುಟ್ಟು ಪಡೆದವು. ಆಮೇಲೆ 6ನೇ ಸ್ಕ್ವಾಡ್ರನ್ ಅವುಗಳಲ್ಲಿ ಸಮುದ್ರ ಕಾಯಿತು. ಬೇರೆ ದೇಶಗಳೆಲ್ಲ ಲಿಬರೇಟರನ್ನು ಕರಗಿಸಿ ಮರೆತ ಮೇಲೂ ನಮ್ಮವರು 1968ರ ಕೊನೆಯವರೆಗೆ ಅದನ್ನು ಹಾರಿಸಿದರು.

ಇದರ ಫಲ ಹೊರದೇಶದ ಮ್ಯೂಸಿಯಂಗಳಲ್ಲಿ ಇವತ್ತಿಗೂ ಕಾಣುತ್ತದೆ. ಅಮೆರಿಕ ತಯಾರಿಸಿದ 18,000ಕ್ಕೂ ಹೆಚ್ಚು ಲಿಬರೇಟರುಗಳಲ್ಲಿ ಈಗ ಇಡಿಯಾಗಿ ಉಳಿದಿರುವವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವು ನಮ್ಮವರ ಕೈಯಲ್ಲಿ ಬದುಕಿದವು. ಕೆನಡಾ 1968ರಲ್ಲಿ ಒಂದನ್ನು ಪಡೆದು, ಬದಲಿಗೆ ನಮಗೊಂದು ಲೈಸಾಂಡರ್ ವಿಮಾನ ಕೊಟ್ಟಿತು. ಅದು ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿದೆ. 1969ರಲ್ಲಿ ಇನ್ನೊಂದು ಭಾರತದಿಂದ ಹಾರಿಯೇ ಅರಿಝೋನಾದ ಪೀಮಾ ಮ್ಯೂಸಿಯಂ ಸೇರಿತು. 1974ರಲ್ಲಿ ಮತ್ತೊಂದು ಬ್ರಿಟನ್ನಿಗೆ ಹೋಯಿತು. ಒಡೆದುಹಾಕಿ ಹೋದವರೇ ಕೊನೆಗೆ ನಮ್ಮಿಂದ ಪಡೆದು ಜೋಪಾನ ಮಾಡಿದ್ದಾರೆ.

ಪೀಮಾ ಇರುವ ಟೂಸಾನ್ ಊರಿನಲ್ಲೇ ಅಮೆರಿಕದ ಸೇನೆ ತನ್ನ ನಿವೃತ್ತ ವಿಮಾನಗಳನ್ನು ಸಾವಿರಗಟ್ಟಲೆ ನಿಲ್ಲಿಸಿದೆ. ಅಲ್ಲಿ ಮಳೆ ಕಡಿಮೆ, ಗಾಳಿಯಲ್ಲಿ ಪಸೆಯಿಲ್ಲ, ಕಾಂಕ್ರೀಟು ಹಾಕದೆಯೂ ಭಾರ ತಡೆಯುವ ಗಟ್ಟಿ ನೆಲ. ಕಿಂಡಿಗಳನ್ನು ಮುಚ್ಚಿ, ಬಿಸಿಲು ತಡೆಯುವ ಬಿಳಿ ಲೇಪ ಬಳಿದು ಬಿಟ್ಟರೆ ವಿಮಾನ ದಶಕಗಟ್ಟಲೆ ಕಾಯುತ್ತದೆ. ಬೇಕಾದಾಗ ಬಿಡಿಭಾಗ ಕೊಡುತ್ತದೆ. ನಮ್ಮಲ್ಲಿ ಆ ಹವೆಯಿಲ್ಲ. ರಾಮನಗರದ ಬೆಟ್ಟಗಳ ನಡುವೆ ಮುಂಗಾರೂ ಸುರಿಯುತ್ತದೆ, ಹಿಂಗಾರೂ ಸುರಿಯುತ್ತದೆ. ಅಲ್ಯೂಮಿನಿಯಂ ಹಾಳೆಗೆ ಉಕ್ಕಿನ ಬೋಲ್ಟು ತಾಗಿದಲ್ಲಿ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಮೆಗ್ನೀಷಿಯಂ ಬೆರೆತ ಭಾಗಗಳು ಇನ್ನೂ ಬೇಗ ಹೋಗುತ್ತವೆ. ಕಾಕ್‌ಪಿಟ್ಟಿನ ಗಾಜು ಬಿಸಿಲಿಗೆ ಮಂಜಾಗಿ ಬಿರುಕು ಬಿಡುತ್ತದೆ. ಟೈರು ಕುಸಿಯುತ್ತದೆ. ಎಂಜಿನ್ ತೆಗೆದ ಖಾಲಿ ಹೊಟ್ಟೆಯಲ್ಲಿ ಪಾರಿವಾಳ ಗೂಡು ಕಟ್ಟಿದರೆ ಅದರ ಹಿಕ್ಕೆಯೂ ಲೋಹವನ್ನು ತಿನ್ನುತ್ತದೆ. ಹೊರಗೆ ಹೊಸ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಎಲುಬು ಸವೆಯುತ್ತಿರುತ್ತದೆ.

ಹಳೇ ವಿಮಾನ ನಿಲ್ಲಿಸಿರುವ ಕಡೆ ಹೋದಾಗ ನಾನು ಮೊದಲು ನೋಡುವುದು ಬಣ್ಣವನ್ನಲ್ಲ, ಹೊಟ್ಟೆಯ ಕೆಳಗಿನ ಸಣ್ಣ ತೂತುಗಳನ್ನು. ಒಳಗಿನ ನೀರು ಇಳಿದುಹೋಗಲಿ ಎಂದೇ ಅವನ್ನು ಇಟ್ಟಿರುತ್ತಾರೆ. ಬಣ್ಣ ಬಳಿಯುವವರು ಅವನ್ನು ಮುಚ್ಚಿಬಿಟ್ಟಿದ್ದರೆ ಆ ವಿಮಾನಕ್ಕೆ ಹೆಚ್ಚು ಆಯುಸ್ಸಿಲ್ಲ. ಆಮೇಲೆ ಚಕ್ರ: ಭಾರ ಟೈರಿನ ಮೇಲಿದೆಯೋ, ಕೆಳಗೆ ಕೊಟ್ಟ ಆಧಾರದ ಮೇಲಿದೆಯೋ? ಆಮೇಲೆ ರಿವೆಟ್ಟುಗಳ ಸಾಲು. ಸುತ್ತ ಬಣ್ಣ ಉಬ್ಬಿದ್ದರೆ ಕೆಳಗೆ ತುಕ್ಕು ಶುರುವಾಗಿದೆ ಎಂದೇ ಅರ್ಥ.

ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ಸಂಗ್ರಹಾಲಯಕ್ಕೆ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯಕ್ಕೆ ಹೋದವರು ಮಾರುತ್ ಎದುರು ಸ್ವಲ್ಪ ಹೊತ್ತು ನಿಲ್ಲಿ. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿಯವರೊಡನೆ ಕೂತು ವಿನ್ಯಾಸ ಮಾಡಿದ, 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲು ಹಾರಿಸಿದ ವಿಮಾನ. ತಯಾರಾದವು 147. ಪ್ರತಿಯೊಂದೂ ಬೆಂಗಳೂರಿನಲ್ಲೇ ಆದದ್ದು. ಉಳಿದಿರುವ ಕೆಲವನ್ನಾದರೂ ಸೂರಿನಡಿ ಕಾಯಬೇಕಾದ ಹೊಣೆ ಈ ನಾಡಿನದೇ. ಕಾರವಾರದ ಕಡಲತೀರಕ್ಕೆ ಅರಕ್ಕೋಣಂನಿಂದ ನೌಕಾಪಡೆಯ ಟುಪೊಲೆವ್-142 ಬಿಡಿಬಿಡಿಯಾಗಿ ಬಂದು ಮತ್ತೆ ಜೋಡಣೆಯಾದದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ. ಆದರೆ ಉಪ್ಪುಗಾಳಿಗೆ ಮುಖ ಕೊಟ್ಟು ನಿಂತದ್ದನ್ನು ಸಿಹಿನೀರಿನಲ್ಲಿ ತೊಳೆಯುತ್ತಲೇ ಇರಬೇಕು. ಅದಕ್ಕೆ ಪ್ರತಿವರ್ಷ ಹಣ ತೆಗೆದಿಡಬೇಕು.

ಆದ್ದರಿಂದ ಮಿಗ್ ಬೇಡುವವರಿಗೆ ನನ್ನ ಮಾತು ಇಷ್ಟು. ಅರ್ಜಿ ಬರೆಯುವ ಮುಂಚೆ ನಾಲ್ಕು ಕಡೆ ಗಾಳಿಯಾಡುವ ಎತ್ತರದ ತಗಡಿನ ಶೆಡ್ಡಿಗೆ ಜಾಗ ನೋಡಿ. ಕೊಡುವವರು ಎಂಜಿನ್, ಆಯುಧ ತೆಗೆದೇ ಕೊಡುತ್ತಾರೆ. ಪೈಲಟ್‌ನ ಆಸನವನ್ನು ಹೊರಕ್ಕೆ ಚಿಮ್ಮಿಸುವ ಸಿಡಿಮದ್ದೂ ತೆಗೆದಿದೆ ಎಂಬ ಪತ್ರ ಕೇಳಿ ಪಡೆಯಿರಿ. ಹಳೇ ಮೀಟರುಗಳಲ್ಲಿ ಕತ್ತಲಲ್ಲಿ ಹೊಳೆಯುವ ಮುಳ್ಳುಗಳಿದ್ದರೆ ಮಕ್ಕಳ ಕೈಗೆ ಕೊಡಬೇಡಿ, ರೇಡಿಯಂ ಇರಬಹುದು. ಐಟಿಐ ಹುಡುಗ ಹುಡುಗಿಯರಿಗೆ ಅದನ್ನು ತಿಂಗಳಿಗೊಮ್ಮೆ ತೊಳೆಯುವ, ಬಿಚ್ಚಿ ನೋಡುವ, ರಿವೆಟ್ಟು ಹೊಡೆಯುವ ಕೆಲಸ ಕೊಡಿ. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ನಮ್ಮ ಊರುಗಳಲ್ಲಿದ್ದಾರೆ. ಕರೆದರೆ ಬಂದು ಹೇಳಿಕೊಡುತ್ತಾರೆ. ಜಾಗದ ವಿಷಯದಲ್ಲಿ ನನ್ನ ಓಟು ಚನ್ನಪಟ್ಟಣಕ್ಕೆ. ಲೇತಿನ ಮೇಲೆ ಮರ ತಿರುಗಿಸಿ, ಅರಗಿನ ಬಣ್ಣ ಹಚ್ಚಿ, ಬೆರಳಿನಿಂದಲೇ ನುಣುಪು ತಿಳಿಯುವ ಜನ ಅಲ್ಲಿದ್ದಾರೆ. ರೈಲು ನಿಲ್ದಾಣವಿದೆ, ಮೈಸೂರಿಗೆ ಹೋಗುವ ಶಾಲಾ ಪ್ರವಾಸದ ಬಸ್ಸುಗಳು ನಿಲ್ಲಲು ಅನುಕೂಲವಿದೆ.