ಬೀಗ ತೆಗೆಯುವ ಕ್ರಮ

ಗೂಗಲ್ ಸಂಸ್ಥೆಯು 2017ರಲ್ಲಿ ಹೊರತಂದ ‘ಫ್ಯಾಮಿಲಿ ಲಿಂಕ್’ ಮಕ್ಕಳ ಮೊಬೈಲಿಗೆ ದಿನದ ಕಾಲಮಿತಿ ವಿಧಿಸುತ್ತದೆ. ಹೊಸ ಆ್ಯಪ್‌ಗೆ ಪಾಲಕರ ಒಪ್ಪಿಗೆ ಬೇಡುತ್ತದೆ. ಮಲಗುವ ವೇಳೆಗೆ ಫೋನನ್ನೇ ಮುಚ್ಚುತ್ತದೆ. ನಿರ್ಬಂಧ ಹಾಕುವ ಕ್ರಮ ಚೆನ್ನಾಗಿದೆ, ದೋಷವಿರುವುದು ತೆಗೆಯುವಲ್ಲಿ. ಮೇಲ್ವಿಚಾರಣೆ ನಿಲ್ಲಿಸಿದೊಡನೆ ಮೂರೂ ಒಮ್ಮೆಲೇ ಇಲ್ಲವಾಗುತ್ತವೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಮುಚ್ಚಿದ ಫೋನು ಇಂದು ಬೆಳಗಿನವರೆಗೂ ತೆರೆದಿರಬಲ್ಲದು. ಒಂದೊಂದನ್ನೇ ಸಡಿಲಿಸಲು ಅವಕಾಶವಿದೆ, ನಿಜ. ಆ ತಾಳ್ಮೆ ಎಷ್ಟು ಮನೆಗಳಲ್ಲಿದೆ?

2018ರಲ್ಲಿ ಬಂದ ಆ್ಯಪಲ್‌ನ ‘ಸ್ಕ್ರೀನ್ ಟೈಮ್’ಗೆ ನಾಲ್ಕಂಕಿಯ ಗುಪ್ತಸಂಖ್ಯೆಯೇ ಕಾವಲು. ತಾಯಿಯ ಬೆರಳಾಟ ನೋಡಿಯೇ ಅದನ್ನು ಕಲಿಯಬಲ್ಲ ಚೂಟಿ ಮಕ್ಕಳಿದ್ದಾರೆ. ಹಾಗೆ ಕದ್ದು ತೆಗೆದ ಬೀಗಕ್ಕೂ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂದೆಯೇ ತೆಗೆದ ಬೀಗಕ್ಕೂ ಫೋನಿನ ಮಟ್ಟಿಗೆ ಭೇದವಿಲ್ಲ. ಮೊದಲನೆಯದರಲ್ಲಿ ಮಾತ್ರ ಮನೆಯೊಳಗೆ ಸುಳ್ಳೊಂದು ಉಳಿದುಕೊಳ್ಳುತ್ತದೆ.