ಗೆದ್ದವರ ಮೇಜು, ಗಡಿಯವರ ಓದು

ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ಲರು ಎರಡನೆಯ ಮಹಾಯುದ್ಧವನ್ನು ಕುರಿತು ಬರೆದ ಆರು ಸಂಪುಟಗಳಲ್ಲಿ ಕೊನೆಯದು ‘ಟ್ರಯಂಫ್ ಅಂಡ್ ಟ್ರ್ಯಾಜಿಡಿ’. ಮಾಸ್ಕೋ, ಯಾಲ್ಟಾ, ಪಾಟ್ಸ್‌ಡ್ಯಾಮ್‌ಗಳಲ್ಲಿ ಮಹಾಶಕ್ತಿಗಳು ನಡೆಸಿದ ಸಮ್ಮೇಳನಗಳ ಕಥನ ಇದರಲ್ಲಿದೆ. 1953ರಲ್ಲಿ ಗ್ರಂಥಕರ್ತರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದಿತು. ಆದುದರಿಂದ ಇದನ್ನು ಇತಿಹಾಸವೆಂದು ಮಾತ್ರವಲ್ಲ, ಸಾಹಿತ್ಯವೆಂದೂ ಪರೀಕ್ಷಿಸುವುದು ಉಚಿತ. ಹೊಸೂರು, ಕೃಷ್ಣಗಿರಿಗಳ ಕನ್ನಡಿಗರಾದ ನಮಗೆ ಇದನ್ನು ಓದಲು ಬೇರೊಂದು ಕಾರಣವೂ ಉಂಟು.

ಗ್ರಂಥದ ಅತ್ಯಂತ ಪ್ರಸಿದ್ಧ ಪ್ರಸಂಗ 1944ರ ಅಕ್ಟೋಬರ್ 9ರ ರಾತ್ರಿಯದು. ಕ್ರೆಮ್ಲಿನ್ನಿನಲ್ಲಿ ಚರ್ಚಿಲ್ಲರು ಅರ್ಧ ಹಾಳೆಯ ಮೇಲೆ ಕೆಲವು ಅಂಕಿಗಳನ್ನು ಬರೆದು ಸ್ಟಾಲಿನ್ನರ ಮುಂದಕ್ಕೆ ಸರಿಸುತ್ತಾರೆ. ರುಮೇನಿಯದಲ್ಲಿ ರಷ್ಯಕ್ಕೆ ಶೇಕಡ 90. ಗ್ರೀಸಿನಲ್ಲಿ ಬ್ರಿಟನ್ನಿಗೆ ಶೇಕಡ 90. ಯುಗೋಸ್ಲಾವಿಯ, ಹಂಗೆರಿಗಳಲ್ಲಿ ಸಮಪಾಲು. ಬಲ್ಗೇರಿಯದಲ್ಲಿ ರಷ್ಯಕ್ಕೆ ಶೇಕಡ 75. ಸ್ಟಾಲಿನ್ನರು ನೀಲಿ ಪೆನ್ಸಿಲಿನಿಂದ ಒಪ್ಪಿಗೆಯ ಗುರುತು ಹಾಕುತ್ತಾರೆ. ಈ ಕಾಗದವನ್ನು ಸುಟ್ಟುಬಿಡೋಣವೇ ಎಂದು ಚರ್ಚಿಲ್ಲರು ಕೇಳಿದರೆ, ಬೇಡ, ನೀವೇ ಇಟ್ಟುಕೊಳ್ಳಿ ಎಂಬ ಉತ್ತರ ಬರುತ್ತದೆ.

ಬರೆವಣಿಗೆಯ ದೃಷ್ಟಿಯಿಂದ ಈ ಪುಟಕ್ಕೆ ಸಾಟಿಯಿಲ್ಲ. ಲೇಖಕರು ತಮ್ಮ ಮುಜುಗರವನ್ನು ತಾವೇ ಬಯಲಿಗಿಟ್ಟಿರುವುದು ದೊಡ್ಡ ಗುಣ. ಆದರೆ ಆ ಮುಜುಗರ ಮೇಜನ್ನು ದಾಟಿ ಮುಂದೆ ಹೋಗುವುದಿಲ್ಲ. ಇಡೀ ಪ್ರಸಂಗದಲ್ಲಿ ಮಾತನಾಡುವವರು ಬಲಿಷ್ಠರು ಮಾತ್ರ. ಐದು ದೇಶಗಳ ಜನ ಶೇಕಡಾವಾರು ಅಂಕಿಗಳಾಗಿಯೇ ಉಳಿಯುತ್ತಾರೆ. ಇದು ಯುದ್ಧಕಾಲದ ತಾತ್ಕಾಲಿಕ ಏರ್ಪಾಡು ಮಾತ್ರವೆಂದು ಗ್ರಂಥಕರ್ತರು ಸಮಾಧಾನ ಹೇಳುತ್ತಾರೆ. ಅದೇ ಡಿಸೆಂಬರಿನಲ್ಲಿ ಅಥೆನ್ಸಿನ ಬೀದಿಗಳಲ್ಲಿ ಬ್ರಿಟಿಷ್ ಸೇನೆ ಗ್ರೀಕ್ ಎಡಪಂಥೀಯ ಹೋರಾಟಗಾರರೊಡನೆ ಕಾದಾಡಿದಾಗ ಸ್ಟಾಲಿನ್ನರು ಮೌನವಾಗಿದ್ದರೆಂಬುದನ್ನೂ ಅವರೇ ಮೆಚ್ಚಿ ಬರೆಯುತ್ತಾರೆ. ತಾತ್ಕಾಲಿಕವೆಂದ ಕಾಗದ ನೆಲದ ಮೇಲೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಅವರ ಗ್ರಂಥವೇ ಸಾಕ್ಷಿ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಪೋಲೆಂಡಿನ ಗಡಿಯನ್ನು ಕುರಿತು ತೀರ್ಮಾನವಾಯಿತು. ಅಲ್ಲಿ ಪೋಲೆಂಡಿನ ಪ್ರತಿನಿಧಿ ಒಬ್ಬನೂ ಇರಲಿಲ್ಲ.

ಹಿಟ್ಲರನನ್ನು ಸೋಲಿಸಲು ಮೈತ್ರಿ ಅನಿವಾರ್ಯವಾಗಿತ್ತೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಅನಿವಾರ್ಯತೆಯನ್ನು ವಿವರಿಸುವುದು ರಾಜಕಾರಣಿಯ ಕೆಲಸ. ಅದರ ಬೆಲೆಯನ್ನು ತೆತ್ತವರನ್ನು ಕಾಣಿಸುವುದು ಸಾಹಿತ್ಯದ ಕೆಲಸ. ಮೊದಲನೆಯದನ್ನು ಈ ಗ್ರಂಥ ಸಮರ್ಥವಾಗಿ ಮಾಡಿದೆ, ಎರಡನೆಯದರಲ್ಲಿ ಸೋತಿದೆ.

ಈ ಕೊರತೆ ನಮಗೆ ಬೇಗನೆ ಕಾಣಲು ನಾವಿರುವ ನೆಲವೇ ಕಾರಣ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪುವಿನ ರಾಜ್ಯದ ಅರ್ಧದಷ್ಟನ್ನು ಕಂಪನಿ, ನಿಜಾಮ, ಮರಾಠರು ಹಂಚಿಕೊಂಡರು. ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲು ಕಂಪನಿಯ ಪಾಲಾಯಿತು. ಅಲ್ಲಿನ ರೈತನನ್ನು ಆಗ ಯಾರೂ ಕೇಳಲಿಲ್ಲ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದುಗೂಡಿದಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಇದನ್ನು ಮಾಸ್ಕೋದ ಹಾಳೆಗೆ ಹೋಲಿಸುವುದು ಅನ್ಯಾಯ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ಜನರಿಂದ ಮನವಿಗಳನ್ನು ಸ್ವೀಕರಿಸಿತ್ತು, ತೀರ್ಮಾನವಾದುದು ಸಂಸತ್ತಿನಲ್ಲಿ. ತಮಿಳು, ತೆಲುಗು, ಉರ್ದು ಮಾತನಾಡುವ ನೆರೆಹೊರೆಯೊಡನೆ ನಾವು ಇಲ್ಲಿ ಸೌಹಾರ್ದದಿಂದ ಬಾಳಿದ್ದೇವೆ. ಆದರೂ ಗೆರೆಯ ಈಚೆಗಿನ ಮನೆಯಲ್ಲಿ ಮಗುವನ್ನು ಯಾವ ಭಾಷೆಯ ಶಾಲೆಗೆ ಸೇರಿಸಬೇಕು, ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಪ್ರಶ್ನೆಗಳು ಯಾವ ಆಯೋಗದ ವರದಿಗಿಂತಲೂ ಹತ್ತಿರದವು.

ಆದುದರಿಂದ ತರುಣರು ಚರ್ಚಿಲ್ಲರನ್ನು ಅವಶ್ಯವಾಗಿ ಓದಲಿ. ಓದುವಾಗ ಆ ಮೇಜಿನ ಬಳಿ ಯಾರಿಲ್ಲವೆಂದು ಎಣಿಸಲಿ. 1956ನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಸಂಘದ ಮನೆಗಳಲ್ಲಿ ಬೆರಳೆಣಿಕೆಯಷ್ಟಾಗುತ್ತಿದ್ದಾರೆ. ಅವರ ಮಾತನ್ನು ಕೇಳಿ ಕನ್ನಡದಲ್ಲಿ ಬರೆದಿಡುವವರು ಬೇಕು. ಮಹಾಶಕ್ತಿಗಳ ಕಥೆಗೆ ಆರು ಸಂಪುಟಗಳಾದವು. ಗಡಿಯೂರಿನ ಒಂದು ಮನೆಯ ಕಥೆಗೆ ಒಂದು ನೋಟುಪುಸ್ತಕವಾದರೂ ತುಂಬಲಿ.